ಪುಸ್ತಕದ ಲಿಸ್ಟಿನ ಬಗ್ಗೆ ನನ್ನ ತಕರಾರು

ನಮ್ಮ ಬಳಗದಿಂದ ಈ ವರ್ಷ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಪುಸ್ತಕ ಕೊಡೋದು ಅಂತ ತೀರ್ಮಾನ ಆಗಿರೋದು ನಿಮಗೆಲ್ಲ ಗೊತ್ತು. ರಾಜ್ಯೋತ್ಸವದಲ್ಲಿ ಉಳಿದ ದುಡ್ಡು, ಅದರ ಮೇಲೆ ನಾವೆಲ್ಲ ಹಾಕಿದ್ದು, ಎಲ್ಲಾ ಸೇರಿ ಎಂಟು ಸಾವಿರದ ಚಿಲ್ಲರೆ ಇದೆ. ಕಳೆದ ವಾರ ಗ್ರೂಪಿಗೆ ಪುಸ್ತಕಗಳ ಲಿಸ್ಟ್ ಬಂತು. ಸಾಮಾನ್ಯ ಜ್ಞಾನದ ಪುಸ್ತಕ ನಾಲ್ಕು ಬಗೆ, ಸಾವಿರದ ಒಂದು ಕ್ವಿಜ್ ಪ್ರಶ್ನೆಗಳು, ಮಹಾಪುರುಷರ ಜೀವನ ಚರಿತ್ರೆಯ ಹತ್ತು ಪುಸ್ತಕದ ಸೆಟ್, ಇಂಗ್ಲಿಷ್-ಕನ್ನಡ ಡಿಕ್ಷನರಿ, ಕೊನೆಗೆ ಮೂರು ಸಾವಿರ ರೂಪಾಯಿಯ ಒಂದು ಇಂಗ್ಲಿಷ್ ಎನ್‌ಸೈಕ್ಲೋಪೀಡಿಯಾ. ಕೆಳಗೆ ಇಪ್ಪತ್ತು ಥಂಬ್ಸ್ ಅಪ್. ಡಿಕ್ಷನರಿ ಬಗ್ಗೆ ನನಗೆ ತಕರಾರಿಲ್ಲ. ಉಳಿದ ಎಲ್ಲದರ ಬಗ್ಗೆಯೂ ಇದೆ. ಗ್ರೂಪಿನಲ್ಲಿ ಬರೆದರೆ ಎರಡು ನಿಮಿಷದಲ್ಲಿ ಮೇಲೆ ಹೋಗಿಬಿಡುತ್ತೆ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಸಾಮಾನ್ಯ ಜ್ಞಾನದ ಪುಸ್ತಕದಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಎಲ್ಲರಿಗೂ ಅದರ ಮೇಲೆ ಭಾರೀ ನಂಬಿಕೆ. ನಾನು ಟಿ.ಬಿ. ಡ್ಯಾಂನವನು. ನಮ್ಮ ಕಡೆ ಮಕ್ಕಳ ಕೈಲಿರೋ ಇಂಥ ಪುಸ್ತಕಗಳಲ್ಲಿ ನಮ್ಮ ಡ್ಯಾಮಿನ ಬಗ್ಗೆ ಎರಡು ಸಾಲು ಇದ್ದೇ ಇರುತ್ತೆ. ತುಂಗಭದ್ರಾ ಅಣೆಕಟ್ಟು ಯಾವ ಜಿಲ್ಲೆಯಲ್ಲಿದೆ? ಬಳ್ಳಾರಿ. ಅದರ ಸಾಮರ್ಥ್ಯ ಎಷ್ಟು? 133 ಟಿ.ಎಂ.ಸಿ. ಎರಡೂ ಉತ್ತರ ಈಗ ಹಳೇದಾಗಿವೆ. 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು, ಹೊಸಪೇಟೆ ಅದರ ಜಿಲ್ಲಾ ಕೇಂದ್ರ. ಇನ್ನು ಡ್ಯಾಮಿನಲ್ಲಿ ಈಗ ನಿಲ್ಲೋ ನೀರು ಸುಮಾರು 105.79 ಟಿ.ಎಂ.ಸಿ. ಅಷ್ಟೇ. ಹೊಸ ಮುದ್ರಣದಲ್ಲಿ ತಿದ್ದಬಹುದು ಬಿಡಿ. ಆದರೆ ಮಗು ಕೇಳಬೇಕಾದ ಪ್ರಶ್ನೆ ಇರೋದು ಆ ಎರಡು ಅಂಕಿಗಳ ಮಧ್ಯೆ. ಆ 27 ಟಿ.ಎಂ.ಸಿ. ಎಲ್ಲಿ ಹೋಯ್ತು?

ಹೂಳಿಗೆ ಹೋಯ್ತು. ಹೂಳು ಎಲ್ಲಿಂದ ಬಂತು? ತುಂಗೆ, ಭದ್ರೆ, ವರದೆ ದಾರಿಯುದ್ದಕ್ಕೂ ತಂದ ಮಣ್ಣು. ನೀರು ಹರಿಯುವಾಗ ಮಣ್ಣನ್ನ ಎತ್ತಿಕೊಂಡು ಬರುತ್ತೆ, ನಿಂತಾಗ ಯಾಕೆ ಕೆಳಗೆ ಬಿಡುತ್ತೆ? ಅಷ್ಟು ಆಳದ ನೀರಿನ ಕೆಳಗೆ ಎಷ್ಟು ಮಣ್ಣು ಕೂತಿದೆ ಅಂತ ಅಳೆದವರು ಹೇಗೆ ಅಳೆದ್ರು? ಒಂದು ಗಾಜಿನ ಬಾಟಲಿಗೆ ಕೆರೆ ಮಣ್ಣು, ನೀರು ಹಾಕಿ ಚೆನ್ನಾಗಿ ಕುಲುಕಿ ಕಿಟಕಿ ಮೇಲೆ ಇಟ್ಟರೆ, ಮೊದಲು ಮರಳು, ಆಮೇಲೆ ಸಣ್ಣ ಮಣ್ಣು, ಕೊನೆಗೆ ಜೇಡಿ ಒಂದರ ಮೇಲೊಂದು ಪದರ ಪದರ ಆಗಿ ಕೂರೋದನ್ನ ಆರನೇ ಕ್ಲಾಸಿನ ಹುಡುಗಿ ತಾನೇ ನೋಡಬಹುದು. ಖರ್ಚು ಸೊನ್ನೆ. ನಾಲ್ಕು ಪುಟದಲ್ಲಿ ಇದನ್ನ ಹೇಳೋ ಒಂದು ತೆಳ್ಳಗಿನ ಪುಸ್ತಕ, 133 ಅಂತ ಹೇಳೋ ದಪ್ಪ ಪುಸ್ತಕಕ್ಕಿಂತ ಮೇಲು ಅನ್ನೋದು ನನ್ನ ವಾದ. ಇವತ್ತಿನ ಅಂಕಿ ನಾಳೆ ಬದಲಾಗುತ್ತೆ. ಹೂಳು ಕೂರೋ ರೀತಿ ಬದಲಾಗಲ್ಲ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯ್ತಲ್ಲ, ಆಗ ನಮ್ಮ ಕಡೆ ಯಾರ ಮನೇಲೂ ಬೇರೆ ಮಾತಿರಲಿಲ್ಲ. ನನ್ನ ಚಿಕ್ಕಮ್ಮನ ಮಗ ಆಗ ಆರನೇ ಕ್ಲಾಸು. ಅವನು ಒಂದು ಪ್ರಶ್ನೆ ಕೇಳಿದ: “ಒಂದು ಗೇಟ್ ಹೋಗಿ ನೀರು ಪೋಲಾಗ್ತಿದೆ ಅಂತ ಎಲ್ಲರೂ ಅಳ್ತಿದಾರೆ. ಮತ್ತೆ ಉಳಿದ 32 ಗೇಟ್ ಇವರೇ ಯಾಕೆ ತೆಗೆದ್ರು ಅಣ್ಣ?” ಎಂಥಾ ಪ್ರಶ್ನೆ ನೋಡಿ. ಟಿ.ವಿ.ಯಲ್ಲಿ ಕಿರುಚಾಡ್ತಿದ್ದ ಆಂಕರುಗಳಲ್ಲಿ ಎಷ್ಟೋ ಜನಕ್ಕೆ ಹೊಳೆಯದ ಪ್ರಶ್ನೆ ಅದು.

ನಾವು ಎಂಜಿನಿಯರಿಂಗ್ ಓದ್ತಿರೋರಿಗೆ ಉತ್ತರ ಗೊತ್ತು, ಅಥವಾ ಗೊತ್ತಿರಬೇಕು. ಗೇಟಿನ ಮೇಲೆ ನೀರು ಹಾಕೋ ಬಲ ನಿಂತಿರೋದು ಡ್ಯಾಮಿನಲ್ಲಿ ಒಟ್ಟು ಎಷ್ಟು ನೀರಿದೆ ಅನ್ನೋದರ ಮೇಲಲ್ಲ, ಗೇಟಿನ ತಳದಿಂದ ನೀರು ಎಷ್ಟು ಎತ್ತರ ನಿಂತಿದೆ ಅನ್ನೋದರ ಮೇಲೆ. ನಮ್ಮ ಡ್ಯಾಮಿನ ಒಂದೊಂದು ಗೇಟೂ 60 ಅಡಿ ಅಗಲ, 20 ಅಡಿ ಎತ್ತರ. ನೀರು ಗೇಟಿನ ತುದಿವರೆಗೆ ನಿಂತರೆ ಒಂದು ಗೇಟಿನ ಮೇಲೆ ಸುಮಾರು 340 ಟನ್ ಬಲ ಬೀಳುತ್ತೆ, ಇದು ನಾನೇ ಹಾಕಿದ ಲೆಕ್ಕ, ನೀವೂ ಹಾಕಿ ನೋಡಿ. ನೀರಿನ ಎತ್ತರ ಅರ್ಧಕ್ಕೆ ಇಳಿದರೆ ಬಲ ಅರ್ಧ ಆಗಲ್ಲ, ಕಾಲು ಭಾಗ ಆಗುತ್ತೆ, 85 ಟನ್. ಅದಕ್ಕೇ ಬೇಗ ಮಟ್ಟ ಇಳಿಸಬೇಕಿತ್ತು, ಅದಕ್ಕೇ ಎಲ್ಲ ಗೇಟ್ ತೆಗೆದರು. ಆಮೇಲೆ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಹಲಗೆಗಳನ್ನ ಒಂದರ ಮೇಲೊಂದು ಇಳಿಸಿ ಒಂದು ವಾರದಲ್ಲಿ ಬಾಯಿ ಮುಚ್ಚಿದರು.

ನಾನು ಚಿಕ್ಕಮ್ಮನ ಮಗನಿಗೆ ಈ ಲೆಕ್ಕ ಹೇಳಲಿಲ್ಲ. ಖಾಲಿ ನೀರಿನ ಬಾಟಲಿಗೆ ಮೇಲೆ, ನಡುವೆ, ಕೆಳಗೆ ಮೂರು ತೂತು ಮಾಡಿ ನೀರು ತುಂಬಿಸಿ ತೋರಿಸಿದೆ. ಯಾವ ತೂತಿನಿಂದ ಜೋರಾಗಿ ಚಿಮ್ಮುತ್ತೆ ನೋಡು ಅಂದೆ. ಅವನು ಅರ್ಧ ಗಂಟೆ ಅಂಗಳ ಒದ್ದೆ ಮಾಡಿ, ಕೊನೆಗೆ, “ಮಟ್ಟ ಇಳಿದ್ರೆ ಕೆಳಗಿನ ತೂತಿಂದೂ ಸಪ್ಪೆ ಆಗುತ್ತೆ” ಅಂದ. ಅಲ್ಲಿಗೆ ಅವನಿಗೆ ಉತ್ತರ ಸಿಕ್ಕಿತು. ಆಮೇಲೆ ಸುಮ್ಮನಾಗಲಿಲ್ಲ, ತೂತಿಗೆ ಕಡ್ಡಿ ತುರುಕಿ ಗೇಟ್ ಮಾಡೋಕೆ ಹೋದ, ಐಸ್‌ಕ್ರೀಂ ಕಡ್ಡಿಯಿಂದ ಸ್ಟಾಪ್‌ಲಾಗ್ ಮಾಡೋಕೆ ಹೋದ. ಒಂದೂ ಸರಿಯಾಗಿ ನಿಲ್ಲಲಿಲ್ಲ, ಅದು ಬೇರೆ ಮಾತು. ಅವನ ಶಾಲೆ ಬ್ಯಾಗಿನಲ್ಲಿದ್ದ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಡ್ಯಾಮಿಗೆ 33 ಗೇಟಿವೆ ಅನ್ನೋ ಮಾಹಿತಿ ಇತ್ತು, ಅಷ್ಟೇ.

ಈಗ ಜೀವನ ಚರಿತ್ರೆಯ ಸೆಟ್ಟಿಗೆ ಬರೋಣ. ವಿಶ್ವೇಶ್ವರಯ್ಯನವರನ್ನೇ ತಗೊಳ್ಳಿ, ನಮಗೆಲ್ಲ ದೇವರ ಸಮಾನ, ಸೆಪ್ಟೆಂಬರ್ 15 ಬಂದ್ರೆ ಹಾರ ಹಾಕ್ತೀವಿ. ಮಕ್ಕಳಿಗೆ ಅಂತ ಬಂದಿರೋ ಪುಸ್ತಕಗಳಲ್ಲಿ ನನ್ನ ಕಣ್ಣಿಗೆ ಬಿದ್ದವೆಲ್ಲ ಒಂದೇ ಥರ. ಬೀದಿ ದೀಪದ ಕೆಳಗೆ ಓದಿದರು, ಸಮಯ ಪಾಲಿಸಿದರು, ಸರ್ಕಾರಿ ಮೇಣದಬತ್ತಿ ಆರಿಸಿ ಸ್ವಂತದ್ದು ಹಚ್ಚಿದರು, ಭಾರತರತ್ನ ಬಂತು. ಇವನ್ನೆಲ್ಲ ಓದಿದ ಮಗುವಿಗೆ ಮೂಡೋ ಭಾವನೆ “ನಾನು ಒಳ್ಳೆಯವನಾಗಬೇಕು” ಅನ್ನೋದು. ಬೇಡ ಅಂತಿಲ್ಲ. ಆದರೆ ಆ ಮನುಷ್ಯ ಮಾಡಿದ್ದೇನು? 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಡ್ಯಾಮಿನಲ್ಲಿ ನೀರು ಒಂದು ಮಟ್ಟ ಮೀರಿದ ಕೂಡಲೇ ತಾನೇ ತೆರೆದುಕೊಳ್ಳೋ ಗೇಟುಗಳನ್ನ ಕೂರಿಸಿದರು, ಅದಕ್ಕೆ ಪೇಟೆಂಟ್ ಇತ್ತು. ಮನುಷ್ಯ ಮುಟ್ಟಂಗಿಲ್ಲ, ಕರೆಂಟ್ ಇಲ್ಲ, ಸೆನ್ಸರ್ ಇಲ್ಲ. ಹೇಗೆ ತೆರೆದುಕೊಳ್ತಿತ್ತು? ಇದನ್ನ ಒಂದು ಚಿತ್ರ ಬರೆದು ಮಗುವಿನ ಮುಂದಿಟ್ಟರೆ, “ನೀನಾಗಿದ್ದರೆ ಹೇಗೆ ಮಾಡ್ತಿದ್ದೆ?” ಅಂತ ಕೇಳಿದರೆ, ಆ ಮಗು ಒಂದು ಗಂಟೆಯಾದರೂ ವಿಶ್ವೇಶ್ವರಯ್ಯನವರ ಪಕ್ಕ ಕೂತು ಯೋಚನೆ ಮಾಡುತ್ತೆ. ಅಂಥ ಪುಸ್ತಕ ಸಿಕ್ಕರೆ ಹತ್ತು ಪುಸ್ತಕದ ಸೆಟ್ಟಿನ ಬದಲು ಅದೊಂದನ್ನೇ ಹತ್ತು ಪ್ರತಿ ತಗೊಳ್ಳೋಣ ಅಂತೀನಿ ನಾನು.

ನಾವು ಲ್ಯಾಬಲ್ಲಿ ದಿನಾ ಬೈಕೊಳ್ಳೋ ಮೈಕೆಲ್ ಫ್ಯಾರಡೆ ಬುಕ್‌ಬೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ. ಹೊಲಿಯೋಕೆ ಬಂದ ಪುಸ್ತಕಗಳನ್ನೇ ಓದ್ತಿದ್ದ. ಅದರಲ್ಲಿ ಅವನನ್ನ ರಸಾಯನಶಾಸ್ತ್ರಕ್ಕೆ ಎಳೆದದ್ದು ಜೇನ್ ಮಾರ್ಸೆಟ್ ಅನ್ನೋ ಹೆಣ್ಣುಮಗಳು ಬರೆದ ಒಂದು ಪುಸ್ತಕ. ಅದು ಇಡೀ ಸಂಭಾಷಣೆ ರೂಪದಲ್ಲಿದೆ. ಒಬ್ಬ ಟೀಚರಮ್ಮ, ಇಬ್ಬರು ಹುಡುಗಿಯರು, ಹುಡುಗಿಯರು ಅಡ್ಡ ಪ್ರಶ್ನೆ ಹಾಕ್ತಾರೆ, ಟೀಚರಮ್ಮ ಪ್ರಯೋಗ ಮಾಡಿ ತೋರಿಸ್ತಾರೆ. ಫ್ಯಾರಡೆ ಓದಿದ್ದನ್ನ ಹಾಗೇ ನಂಬಲಿಲ್ಲ, ತನ್ನ ಕೈಲಾದಷ್ಟು ಸಣ್ಣ ಪುಟ್ಟ ಪ್ರಯೋಗ ಮಾಡಿ ನೋಡಿ, ಪುಸ್ತಕ ಸರಿ ಅಂತ ಗೊತ್ತಾದ ಮೇಲೆ ಅದನ್ನ ಹಿಡಿದುಕೊಂಡ. ದೊಡ್ಡವನಾದ ಮೇಲೆ ಅದೇ ಫ್ಯಾರಡೆ ಲಂಡನ್ನಿನಲ್ಲಿ ಮಕ್ಕಳನ್ನ ಕೂರಿಸಿಕೊಂಡು ಒಂದು ಮೇಣದಬತ್ತಿ ಬಗ್ಗೆ ಆರು ಉಪನ್ಯಾಸ ಕೊಟ್ಟ, 1861ರಲ್ಲಿ ಪುಸ್ತಕವಾಗಿ ಬಂತು. ಒಂದೇ ಮೇಣದಬತ್ತಿ, ಆರು ಉಪನ್ಯಾಸ! ನಮ್ಮ ಲಿಸ್ಟಿನ ಎನ್‌ಸೈಕ್ಲೋಪೀಡಿಯಾದಲ್ಲಿ ಮೇಣದಬತ್ತಿಗೆ ಅರ್ಧ ಅಂಗುಲ ಸಿಕ್ಕರೆ ಹೆಚ್ಚು.

ಎನ್‌ಸೈಕ್ಲೋಪೀಡಿಯಾ ಬಗ್ಗೆ ನನ್ನ ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. ನಾನು ಎಲ್.ಕೆ.ಜಿ.ಯಿಂದ ಇಂಗ್ಲಿಷ್ ಮೀಡಿಯಂ. ಮನೇಲಿ ಅಂಥ ಒಂದು ಹೊಳೆಯೋ ಪುಸ್ತಕ ಇತ್ತು, ಅದರಲ್ಲಿ ಹಿಮಕರಡಿ, ಬ್ಯಾಡ್ಜರ್, ಓಕ್ ಮರ, ಶರತ್ಕಾಲದಲ್ಲಿ ಕೆಂಪಾಗೋ ಎಲೆ ಎಲ್ಲಾ ಇತ್ತು. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದರೆ ಅದರಲ್ಲಿದ್ದ ಯಾವುದನ್ನೂ ಮನೇಲಿ ಯಾರ ಹತ್ತಿರವೂ ಕೇಳೋ ಹಾಗಿರಲಿಲ್ಲ. ಅಮ್ಮನಿಗೆ ಬ್ಯಾಡ್ಜರ್ ಗೊತ್ತಿಲ್ಲ, ತಾತನಿಗೆ ಇಂಗ್ಲಿಷ್ ಬರಲ್ಲ. ತಾತನ ಅಪ್ಪ ಡ್ಯಾಮ್ ಕಟ್ಟೋವಾಗ ಗಾರೆ ಕೆಲಸದಲ್ಲಿದ್ದವರು, ತಾತ ಆಗ ಹತ್ತು ಹನ್ನೆರಡು ವರ್ಷದ ಹುಡುಗ, ಬುತ್ತಿ ತಗೊಂಡು ಹೋಗ್ತಿದ್ದರಂತೆ. ಸುರ್ಕಿ ಅಂದ್ರೆ ಸುಟ್ಟ ಇಟ್ಟಿಗೆ ಪುಡಿ, ಅದನ್ನ ಸುಣ್ಣದ ಜೊತೆ ಅರೆದು ಗಾರೆ ಮಾಡ್ತಾರೆ, ನಮ್ಮ ಡ್ಯಾಮಿನ ಕಲ್ಲುಗಳನ್ನ ಹಿಡಿದಿರೋದು ಅದೇ ಸುರ್ಕಿ ಗಾರೆ ಅಂತ ನನಗೆ ಗೊತ್ತಾಗಿದ್ದು ಪಿ.ಯು.ಸಿ. ಮುಗಿದ ಮೇಲೆ, ತಾತನ ಬಾಯಿಂದ. ತೂಬು, ಹೂಳು, ಗಾರೆ, ಬೆಣೆ, ಸುರ್ಕಿ: ಈ ಮಾತುಗಳು ಒಂದು ಪುಸ್ತಕದಲ್ಲಿದ್ದರೆ ಮಗು ಅದನ್ನ ಹಿಡಿದುಕೊಂಡು ಸೀದಾ ಅಡುಗೆಮನೆಗೆ ಹೋಗುತ್ತೆ, ಕಟ್ಟೆ ಮೇಲೆ ಕೂತಿರೋ ಅಜ್ಜನ ಹತ್ತಿರ ಹೋಗುತ್ತೆ. ಆ ಅಜ್ಜ ಪುಸ್ತಕದಲ್ಲಿ ಇಲ್ಲದ ಎರಡು ಮಾತು ಸೇರಿಸ್ತಾರೆ. ಸರ್ಕಾರಿ ಶಾಲೆಗೆ ಕನ್ನಡದ ಪುಸ್ತಕವೇ ಕೊಡೋಣ ಅಂತ ನಾನು ಹೇಳೋದು ಭಾಷಾಭಿಮಾನಕ್ಕಲ್ಲ, ಇದಕ್ಕೆ. ಅದರಲ್ಲೂ ‘ದ್ಯುತಿಸಂಶ್ಲೇಷಣ ಕ್ರಿಯೆಯು ಜರುಗಲ್ಪಡುತ್ತದೆ’ ಅನ್ನೋ ಕನ್ನಡ ಬೇಡ. ಆ ಕನ್ನಡ ಓದೋಕೆ ನನಗೆ ಇಂಗ್ಲಿಷ್ ಡಿಕ್ಷನರಿ ಬೇಕಾಗುತ್ತೆ.

ಹಾಗಿದ್ರೆ ಕನ್ನಡದಲ್ಲಿ ಇಂಥವು ಎಲ್ಲಿವೆ ಅಂತ ಕೇಳ್ತೀರಿ. ಇವೆ. ನಾವು ಹುಡುಕಿಲ್ಲ. ಶಿವರಾಮ ಕಾರಂತರು ‘ಬಾಲಪ್ರಪಂಚ’ ಅಂತ ಮೂರು ಸಂಪುಟದ ಮಕ್ಕಳ ವಿಶ್ವಕೋಶ ತಂದದ್ದು 1936ರಲ್ಲಿ, ಆಮೇಲೆ ನಾಲ್ಕು ಸಂಪುಟ ‘ವಿಜ್ಞಾನ ಪ್ರಪಂಚ’. ಒಬ್ಬರೇ ಕೂತು ಬರೆದದ್ದು. ನಿರಂಜನರ ಸಂಪಾದಕತ್ವದಲ್ಲಿ ಕಿರಿಯರಿಗೆ ಅಂತಲೇ ಏಳು ಸಂಪುಟದ ‘ಜ್ಞಾನ ಗಂಗೋತ್ರಿ’ ಬಂತು. ಇವು ಈಗ ಲೈಬ್ರರಿಗಳಲ್ಲಿ ಸಿಕ್ಕರೂ ಮಾಹಿತಿ ಹಳೇದು, ಪ್ಲೂಟೊ ಇನ್ನೂ ಗ್ರಹವೇ. ಕೊಂಡು ಕೊಡಿ ಅಂತ ಹೇಳಲ್ಲ. ಆದರೆ ಬಳಗದವರು ಒಮ್ಮೆ ತೆಗೆದು ನೋಡಿ, ಮಕ್ಕಳಿಗೆ ಗಂಭೀರವಾಗಿ ಬರೆಯೋದು ಅಂದ್ರೆ ಏನು ಅಂತ ಗೊತ್ತಾಗುತ್ತೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಮಾಸಪತ್ರಿಕೆ ನಲವತ್ತು ವರ್ಷಕ್ಕೂ ಮೇಲಿಂದ ಇದೆ. ನಮ್ಮ ದುಡ್ಡಿನಲ್ಲಿ ಒಂದು ಭಾಗ ಅಂಥ ಪತ್ರಿಕೆಯ ಚಂದಾಕ್ಕೆ ಹೋಗಲಿ. ಪ್ರತಿ ತಿಂಗಳು ಮಗುವಿನ ಹೆಸರಿಗೆ ಅಲ್ಲದಿದ್ದರೂ ಶಾಲೆಯ ಹೆಸರಿಗೆ ಅಂಚೆಯಲ್ಲಿ ಏನೋ ಒಂದು ಬರುತ್ತೆ ಅನ್ನೋದೇ ಮಕ್ಕಳಿಗೆ ಖುಷಿ.

ತೇಜಸ್ವಿಯವರ ‘ಪರಿಸರದ ಕತೆ’, ‘ಏರೋಪ್ಲೇನ್ ಚಿಟ್ಟೆ’ ಲಿಸ್ಟಿನಲ್ಲಿ ಇಲ್ಲದ್ದು ನೋಡಿ ನನಗೆ ನಿಜವಾಗಿ ಆಶ್ಚರ್ಯ ಆಯ್ತು. ಏಳನೇ ಕ್ಲಾಸಿನ ಮಕ್ಕಳು ಧಾರಾಳವಾಗಿ ಓದಬಹುದು. ತೇಜಸ್ವಿಯವರಲ್ಲಿ ನನಗೆ ಇಷ್ಟ ಆಗೋದು, ಅವರು ಎಲ್ಲಾ ಗೊತ್ತಿರೋ ಮೇಷ್ಟರ ಥರ ಮಾತಾಡಲ್ಲ. ಒಂದು ಹುಳವನ್ನೋ ಹಕ್ಕಿಯನ್ನೋ ನೋಡ್ತಾರೆ, ಇದೇನಿದು ಅಂತ ತಲೆ ಕೆಡಿಸ್ಕೊಳ್ತಾರೆ, ಅವರಿವರನ್ನ ಕೇಳ್ತಾರೆ, ಕೆಲವು ಸಲ ಕೊನೆಗೂ ಗೊತ್ತಾಗಲ್ಲ. ‘ನನಗೆ ಗೊತ್ತಿಲ್ಲ’ ಅಂತ ಹೇಳೋ ಧೈರ್ಯ ಇರೋ ಪುಸ್ತಕ ಮಕ್ಕಳಿಗೆ ಜಾಗ ಬಿಡುತ್ತೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಮಾತ್ರ ಹೈಸ್ಕೂಲಿನವರಿಗೆ ಇರಲಿ, ಇಲ್ಲದಿದ್ರೆ ನಾವೇ ಓದೋಣ.

ಕೈ ಕೆಲಸದ ಪುಸ್ತಕ ಅಂದ್ರೆ ಅರವಿಂದ ಗುಪ್ತ. ಐ.ಐ.ಟಿ. ಕಾನ್ಪುರದಲ್ಲಿ ಎಂಜಿನಿಯರಿಂಗ್ ಓದಿ, ಟೆಲ್ಕೋದಲ್ಲಿ ಲಾರಿ ತಯಾರಿಸೋ ಕಡೆ ಕೆಲಸ ಮಾಡಿ, ಅದನ್ನ ಬಿಟ್ಟು ಕಸದಿಂದ ಆಟಿಕೆ ಮಾಡೋದನ್ನ ಹಳ್ಳಿ ಮಕ್ಕಳಿಗೆ ಹೇಳಿಕೊಡೋಕೆ ಹೋದವರು. 2018ರಲ್ಲಿ ಪದ್ಮಶ್ರೀ ಬಂತು. ಸೈಕಲ್ ವಾಲ್ ಟ್ಯೂಬು, ಬೆಂಕಿಕಡ್ಡಿ ಎರಡರಿಂದ ತ್ರಿಕೋನ, ಚೌಕ, ಮನೆ, ಸೇತುವೆ ಎಲ್ಲಾ ಕಟ್ಟಿಸ್ತಾರೆ. ತ್ರಿಕೋನ ಅಲ್ಲಾಡಲ್ಲ, ಚೌಕ ಅಲ್ಲಾಡುತ್ತೆ, ಯಾಕೆ? ಟ್ರಸ್ ಅಂತ ನಾವು ಸೆಮಿಸ್ಟರ್‌ಗಟ್ಟಲೆ ಓದೋದರ ಮೊದಲ ಪಾಠ ಎರಡು ರೂಪಾಯಿ ಸಾಮಾನಿನಲ್ಲಿ ಮುಗೀತು. ಅವರ ಪುಸ್ತಕಗಳು ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗ್ತವೆ, ಕನ್ನಡದಲ್ಲೂ ಕೆಲವು ಇವೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ 2015ರಿಂದ ಇದೆ, ಅಲ್ಲೂ ಮಕ್ಕಳ ವಿಜ್ಞಾನದ ಪುಸ್ತಕಗಳು ಮುಕ್ತ ಪರವಾನಗಿಯಲ್ಲಿ ಸಿಗ್ತವೆ, ಇಳಿಸಿಕೊಂಡು ಪ್ರಿಂಟ್ ಹಾಕಬಹುದು, ಇಂಗ್ಲಿಷ್‌ನಲ್ಲಿ ಮಾತ್ರ ಇರೋದನ್ನ ನಾವೇ ಕನ್ನಡಕ್ಕೆ ಮಾಡಬಹುದು. ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳೂ ಕೈಗೆಟುಕೋ ಬೆಲೆಯವು.

ಬೆಲೆ ಮಾತು ಯಾಕೆ ಅಂದ್ರೆ, ಮೂರು ಸಾವಿರದ ಪುಸ್ತಕ ಶಾಲೆಗೆ ಹೋದ್ರೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಬೀರುವಿನೊಳಗೆ ಹೋಗಿ ಬೀಗ ಬೀಳುತ್ತೆ. ಮೇಷ್ಟರದ್ದೂ ತಪ್ಪಲ್ಲ, ಹರಿದರೆ, ಕಳೆದರೆ ಲೆಕ್ಕ ಕೊಡಬೇಕಾದವರು ಅವರು. ಅದೇ ದುಡ್ಡಿಗೆ ನಲವತ್ತು ಐವತ್ತು ರೂಪಾಯಿಯ ಅರವತ್ತು ಪುಸ್ತಕ ಬರ್ತವೆ. ಹರಿದರೆ ಹರೀಲಿ. ಒಂದು ಪುಸ್ತಕ ಹರಿದಿದೆ ಅಂದ್ರೆ ಅದನ್ನ ಯಾರೋ ಕಿತ್ತಾಡಿ ಓದಿದ್ದಾರೆ. ಉಳಿದ ದುಡ್ಡಿನಲ್ಲಿ ಎರಡು ಭೂತಗನ್ನಡಿ, ಒಂದು ಅಳತೆ ಟೇಪು, ಎರಡು ಮ್ಯಾಗ್ನೆಟ್, ಒಂದು ಮೊಳ ವಾಲ್ ಟ್ಯೂಬು ಸೇರಿಸಿ ಒಂದು ಡಬ್ಬಿಯಲ್ಲಿ ಹಾಕಿ ಕೊಡೋಣ. ಪುಸ್ತಕದ ಪಕ್ಕದಲ್ಲೇ ಡಬ್ಬಿ ಇರಬೇಕು.

ಒಬ್ಬ ಗೆಳೆಯ ಇದನ್ನೆಲ್ಲ ಕೇಳಿ ಹೇಳಿದ, “ಆ ಹುಡುಗರಿಗೆ ಬೇಕಾಗಿರೋದು ನವೋದಯ ಸೀಟು, ನಿನ್ನ ಕುತೂಹಲ ಅಲ್ಲ.” ಈ ಮಾತನ್ನ ನಾನು ತಳ್ಳಿಹಾಕಲ್ಲ. ನಮ್ಮಲ್ಲಿ ಬಹಳ ಜನ ಇಲ್ಲಿಗೆ ಬಂದಿರೋದು ಒಂದಲ್ಲ ಒಂದು ಪರೀಕ್ಷೆ ದಾಟಿಯೇ. ಒಬ್ಬ ಕೂಲಿಯವರ ಮಗಳಿಗೆ ಒಳ್ಳೆ ವಸತಿ ಶಾಲೆ ಸಿಕ್ಕರೆ ಇಡೀ ಮನೆ ದಾರಿ ಬದಲಾಗುತ್ತೆ. ಹಾಗಂತ ನವೋದಯದ ಆರನೇ ತರಗತಿ ಪ್ರವೇಶ ಪರೀಕ್ಷೆ ಒಮ್ಮೆ ತೆಗೆದು ನೋಡಿ. 80 ಪ್ರಶ್ನೆ, ಎರಡು ಗಂಟೆ. ಮಾನಸಿಕ ಸಾಮರ್ಥ್ಯ, ಅಂಕಗಣಿತ, ಭಾಷೆ, ಇಷ್ಟೇ ಮೂರು ಭಾಗ. ಯಾವ ದೇಶದ ರಾಜಧಾನಿ ಯಾವುದು ಅನ್ನೋ ಭಾಗವೇ ಇಲ್ಲ. ಭಾಷೆ ಭಾಗದಲ್ಲಿ ಕೇಳೋದು ಒಂದು ಗದ್ಯ ಓದಿ ಅರ್ಥ ಮಾಡಿಕೊಂಡು ಉತ್ತರಿಸೋದು. ಗದ್ಯ ಓದಿ ಅರ್ಥ ಮಾಡಿಕೊಳ್ಳೋ ಅಭ್ಯಾಸ ಒಂದೊಂದೇ ಸಾಲಿನ ಪ್ರಶ್ನೋತ್ತರ ಓದೋದರಿಂದ ಬರುತ್ತಾ? ಶಾಲೆಯವರು ಕೇಳಿದರೆ ನವೋದಯದ್ದು, ಮೊರಾರ್ಜಿದು ಒಂದೊಂದು ಗೈಡ್ ಬೇಕಾದ್ರೆ ಸೇರಿಸೋಣ, ನಾಲ್ಕು ಬಗೆ ಸಾಮಾನ್ಯ ಜ್ಞಾನ ಬೇಡ.

ಅಂಗಡಿಯಲ್ಲಿ ನಿಂತು ಆರಿಸೋವಾಗ ನಾನು ಮಾಡೋದು ಇಷ್ಟು. ಪುಸ್ತಕವನ್ನ ನಡುವೆ ತೆರೀತೀನಿ, ಯಾಕಂದ್ರೆ ಮೊದಲ ಪುಟ ಎಲ್ಲರೂ ಚೆನ್ನಾಗಿ ಮಾಡ್ತಾರೆ. ಆ ಪುಟದಲ್ಲಿ ಒಂದು ಸಂಗತಿ ಹೇಳಿದ್ದರೆ, ಅದು ಹೇಗೆ ಗೊತ್ತಾಯ್ತು ಅಂತ ಎಲ್ಲಾದರೂ ಇದೆಯಾ ನೋಡ್ತೀನಿ. ಚಿತ್ರವನ್ನ ಕೈಯಿಂದ ಮುಚ್ಚಿ ಓದ್ತೀನಿ, ಚಿತ್ರ ಇಲ್ಲದಿದ್ದರೂ ಏನೂ ನಷ್ಟ ಆಗದಿದ್ರೆ ಆ ಚಿತ್ರ ಬರೀ ಅಲಂಕಾರ. ಬರೆದವರ ಹೆಸರು, ಚಿತ್ರ ಬರೆದವರ ಹೆಸರು ಹುಡುಕ್ತೀನಿ. ಎಷ್ಟೋ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಬರೆದವರ ಹೆಸರೇ ಇರಲ್ಲ, ‘ತಜ್ಞರ ಸಮಿತಿ’ ಅಂತ ಇರುತ್ತೆ. ಆಮೇಲೆ, ಸಾಧ್ಯ ಇದ್ರೆ, ಪಕ್ಕದಲ್ಲಿ ಒಂದು ಮಗುವನ್ನ ಕೂರಿಸಿಕೊಂಡು ಎರಡು ಪುಟ ಜೋರಾಗಿ ಓದ್ತೀನಿ. ಮಗು ಅಡ್ಡ ಬಾಯಿ ಹಾಕಿದರೆ ಪುಸ್ತಕ ಪಾಸು. ನಾವು ಕೊಡ್ತಿರೋ ಶಾಲೆಯಿಂದ ಇಬ್ಬರು ಮಕ್ಕಳನ್ನ ಮೇಷ್ಟರ ಜೊತೆ ಪುಸ್ತಕದಂಗಡಿಗೆ ಕರೆದುಕೊಂಡು ಹೋದ್ರೆ ಏನು? ಇದನ್ನ ಯಾರೂ ಯಾಕೆ ಯೋಚನೆ ಮಾಡಿಲ್ಲ ಗೊತ್ತಿಲ್ಲ. ಪಂಚಾಯ್ತಿ ಲೈಬ್ರರಿಗಳಲ್ಲಿ 2020ರಿಂದ ‘ಓದುವ ಬೆಳಕು’ ಅಂತ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಡ್ತಿದ್ದಾರೆ, ಮಕ್ಕಳು ಬರ್ತಿದ್ದಾರೆ. ಅಲ್ಲೂ ಕಪಾಟು ತುಂಬಿಸೋರು ದೊಡ್ಡವರೇ.

ಇಷ್ಟೆಲ್ಲ ಹುಡುಕಿದ ಮೇಲೂ ಒಂದು ಕೊರತೆ ಉಳಿಯುತ್ತೆ. ನಮ್ಮ ಸೀಮೆ ಬಗ್ಗೆ ಮಕ್ಕಳಿಗೆ ಬರೆದ ಅಂಥ ಪುಸ್ತಕ ನನ್ನ ಕೈಗೆ ಸಿಕ್ಕಿಲ್ಲ. ಹಂಪಿ ಮೇಲೆ ರಾಶಿ ಇವೆ, ಬೀದಿಯಲ್ಲಿ ಮುತ್ತು ರತ್ನ ಅಳೆದು ಮಾರಿದರು, ಯಾವ ರಾಜ ಎಷ್ಟು ವರ್ಷ ಆಳಿದ. ಆದರೆ ಅಷ್ಟು ದೊಡ್ಡ ಬಂಡೆಗಳನ್ನ ಸೀಳಿದ್ದು ಹೇಗೆ? ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಉಳಿಯಿಂದ ಕೊರೆದ ಗುಳಿಗಳಿವೆ, ಪ್ರತಿ ಪಿಕ್ನಿಕ್ಕಿಗೂ ಅದರ ಮೇಲೆ ಕೂತು ಚಿತ್ರಾನ್ನ ತಿಂದಿದ್ದೀವಿ. ಅದರಲ್ಲಿ ಬೆಣೆ ಹೊಡೆದು ಸೀಳಿದರು. ಬೆಣೆ ಕಬ್ಬಿಣದ್ದಾ, ಒಣ ಮರದ್ದಾ? ಮರದ್ದಾದರೆ ನೀರು ಹಾಕಿ ಉಬ್ಬಿಸಿದರಾ? ಮಹಾನವಮಿ ದಿಬ್ಬದ ಹತ್ತಿರ 1980ರ ದಶಕದಲ್ಲಿ ಅಗೆದಾಗ ಸಿಕ್ಕ ಮೆಟ್ಟಿಲು ಪುಷ್ಕರಣಿಯ ಕಲ್ಲುಗಳ ಮೇಲೆ ಗುರುತುಗಳಿವೆ, ಆ ಕಲ್ಲು ಯಾವ ದಿಕ್ಕಿಗೆ, ಎಷ್ಟನೇ ಸಾಲಿಗೆ ಅಂತ. ಅಂದ್ರೆ ಕಲ್ಲನ್ನ ಬೇರೆ ಕಡೆ ಕಡೆದು, ನಂಬರ್ ಹಾಕಿ ತಂದು ಇಲ್ಲಿ ಜೋಡಿಸಿದ್ದಾರೆ. ಡೇವಿಡ್ ಮೆಕಾಲೆ ಅನ್ನೋ ಚಿತ್ರಕಾರ 1973ರಲ್ಲಿ ಒಂದು ಚರ್ಚ್ ಕಟ್ಟೋದನ್ನ ತಳಪಾಯದಿಂದ ಗೋಪುರದವರೆಗೆ ಬರೀ ಗೆರೆ ಚಿತ್ರಗಳಲ್ಲಿ ಮಕ್ಕಳಿಗೆ ತೋರಿಸಿದ. ಆ ಪುಸ್ತಕ ನೋಡಿದಾಗ ನನಗೆ ಅನ್ನಿಸಿದ್ದು ಒಂದೇ, ವಿಠ್ಠಲ ದೇವಸ್ಥಾನಕ್ಕೆ ಹೀಗೆ ಯಾರೂ ಮಾಡಿಲ್ಲವಲ್ಲ.

ಸಂಡೂರಿನ ಮಗುವಿನ ಸಾಕ್ಸ್ ತುಂಬ ಕೆಂಪು ಧೂಳು. ಅದು ಕಬ್ಬಿಣದ ಅದಿರು, ಹಾಗಿದ್ರೆ ಮ್ಯಾಗ್ನೆಟ್ ಹಿಡಿದ್ರೆ ಯಾಕೆ ಅಷ್ಟಾಗಿ ಅಂಟಲ್ಲ? ಕಂಪ್ಲಿಯ ಮಗು ಹರಿಗೋಲು ನೋಡಿರುತ್ತೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪಾಯೆಸ್ ಕೂಡ ಬುಟ್ಟಿಯ ಹಾಗೆ ದುಂಡಗಿರೋ ದೋಣಿ ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ದುಂಡಗಿರೋದು ಗಿರಗಿರ ತಿರುಗದೆ ಆ ದಡ ಹೇಗೆ ಸೇರುತ್ತೆ? ನಮ್ಮ ನದಿಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ನೀರುನಾಯಿಗಳಿಗೆ ಅಂತ 2015ರಲ್ಲಿ ಮೀಸಲು ಮಾಡಿದ್ದಾರೆ. ಕಾಂಗರೂ ಚಿತ್ರ ಬಿಡಿಸೋ ನಮ್ಮ ಊರಿನ ಮಕ್ಕಳಲ್ಲಿ ಎಷ್ಟು ಜನಕ್ಕೆ ನೀರುನಾಯಿ ಚಿತ್ರ ಬಿಡಿಸೋಕೆ ಬರುತ್ತೆ?

ಅದಕ್ಕೆ ನನ್ನದೊಂದು ಸಲಹೆ, ಲಿಸ್ಟ್ ಬದಲಾದರೂ ಆಗದಿದ್ದರೂ. ಹದಿನಾರು ಪುಟದ ಒಂದು ಪುಸ್ತಕ ನಾವೇ ಮಾಡೋಣ, ಡ್ಯಾಮಿನ ಒಂದು ಗೇಟಿನ ಬಗ್ಗೆ ಮಾತ್ರ. ಸಿವಿಲ್‌ನವರು ಲೆಕ್ಕ ನೋಡಲಿ, ಮೆಕ್ಯಾನಿಕಲ್‌ನವರು ಚೈನು, ಗೇರು ಬರೆಯಲಿ, ಕಂಪ್ಯೂಟರ್ ಸೈನ್ಸಿನವರು ಪುಟ ಜೋಡಿಸಲಿ. ಗೇಟ್ ಎತ್ತಿ ಇಳಿಸಿ ರಿಟೈರ್ ಆದವರು ನಮ್ಮ ಓಣಿಯಲ್ಲೇ ಇಬ್ಬರಿದ್ದಾರೆ, ಮಾತಾಡೋಕೆ ನಾನು ಕರ್ಕೊಂಡು ಹೋಗ್ತೀನಿ. ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ಹಾಕಿಸಿದರೂ ಸಾಕು. ಮೊದಲ ಪುಟಕ್ಕೆ ಪ್ರಶ್ನೆ ರೆಡಿ ಇದೆ, ಒಂದು ಗೇಟ್ ಹೋದ್ರೆ ಉಳಿದ 32 ಯಾಕೆ ತೆಗೆದ್ರು ಅಂತ. ಚಿತ್ರ ಬಿಡಿಸೋಕೆ ಬರೋರು ಶುಕ್ರವಾರದ ಮೀಟಿಂಗಿಗೆ ಬರುವಾಗ ಒಂದು ಪೆನ್ಸಿಲ್ ತನ್ನಿ.